ಪಾಠಕ್ಕೆ ಒಪ್ಪುವ ಮುನ್ನ ಕರಾರು ಓದಿ

ಜರ್ಮನಿಯಲ್ಲಿ ಓದುವ ನಮ್ಮ ಮಕ್ಕಳು ಇಂಗ್ಲಿಷ್ ಪಾಠ ಹೇಳಿ ಖರ್ಚು ತೂಗಿಸಬಹುದು, ವೀಸಾದ ತೊಡಕಿಲ್ಲ ಎಂಬ ಸಲಹೆ ಅರ್ಧ ಸತ್ಯ. 2024ರ ಮಾರ್ಚ್‌ನಿಂದ ವರ್ಷಕ್ಕೆ 120ರ ಬದಲು 140 ಪೂರ್ಣ ದಿನ ದುಡಿಯಬಹುದು, ನಿಜ; ಆದರೆ ಆ ಸವಲತ್ತು ಸಂಬಳದ ನೌಕರಿಗೆ ಮಾತ್ರ. ಭಾಷಾ ಶಾಲೆಗಳು ಎಷ್ಟೋ ಸಲ ಶಿಕ್ಷಕರನ್ನು ನೌಕರರಾಗಿ ಸೇರಿಸಿಕೊಳ್ಳದೆ, ತಾಸಿಗೆ ಇಷ್ಟು ಎಂದು ಗೌರವಧನದ ಕರಾರು ಮಾಡಿಕೊಳ್ಳುತ್ತವೆ. ಬಿಲ್ಲು ಬರೆದುಕೊಡುವವರು ಶಿಕ್ಷಕರೇ. ಕಾನೂನಿನ ಕಣ್ಣಿಗೆ ಇದು ಸ್ವಂತ ಉದ್ಯೋಗ. ಅದಕ್ಕೆ ವಿದೇಶಿಯರ ಕಚೇರಿಯ ಪ್ರತ್ಯೇಕ ಅನುಮತಿ ಬೇಕು. ವಾರಕ್ಕೆರಡು ತಾಸಿನ ಪಾಠದ ಬಗ್ಗೆ ಯಾರು ಕೇಳುತ್ತಾರೆ ಎನ್ನಬಹುದು. ಆದರೆ ವಾಸದ ಪರವಾನಗಿ ನವೀಕರಿಸುವಾಗ ಬ್ಯಾಂಕ್ ಖಾತೆಯ ವಿವರ ಕೇಳುವುದುಂಟು. ಆಗ ಉತ್ತರಿಸಬೇಕಾದವರು ಶಾಲೆಯವರಲ್ಲ, ಸಾಲ ಮಾಡಿ ಹೋದ ವಿದ್ಯಾರ್ಥಿ. ಅನುಮತಿ ಪತ್ರ ಕೈಸೇರುವವರೆಗೆ ದಯವಿಟ್ಟು ಇಂಥ ಕರಾರಿಗೆ ಸಹಿ ಹಾಕಬೇಡಿ.