ಶವಾಸನವೂ ಹೃದಯದ ಆರೋಗ್ಯವೂ



ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುವ ಹೃದಯಕ್ಕೆ ರಜೆಯೆಂಬುದಿಲ್ಲ. ಆದರೆ ಅದರ ಹೊರೆಯನ್ನು ಹಗುರಗೊಳಿಸುವುದು ಸಾಧ್ಯವಿದೆ. ಚಿಂತೆ, ಕೋಪ, ಅವಸರಗಳು ಆವರಿಸಿದಾಗ ಸಿಂಪಥೆಟಿಕ್ ನರವ್ಯೂಹವು ಕೆರಳಿ ರಕ್ತನಾಳಗಳು ಬಿಗಿಯುತ್ತವೆ, ನಾಡಿ ತೀವ್ರವಾಗುತ್ತದೆ, ರಕ್ತದೊತ್ತಡ ಏರುತ್ತದೆ. ಶರೀರ ಸಡಿಲಗೊಂಡು ಉಸಿರು ನಿಧಾನವಾದಾಗ ಈ ಕೆರಳಿಕೆ ತಗ್ಗುತ್ತದೆ. ಯೋಗದ ವಿಶ್ರಾಂತಿಯು ಹೃದಯಕ್ಕೆ ನೆರವಾಗುವ ಬಗೆ ಇದು.

ಮುಂಬಯಿಯ ಹೃದ್ರೋಗ ತಜ್ಞ ಡಾ. ಕೆ. ಕೆ. ದಾತೆ ಮತ್ತು ಸಂಗಡಿಗರು 47 ಮಂದಿ ರಕ್ತದೊತ್ತಡದ ರೋಗಿಗಳಿಗೆ ಶವಾಸನವನ್ನು ಕಲಿಸಿ, ಅದರ ಫಲವನ್ನು 1969ರಲ್ಲಿ ಪ್ರಕಟಿಸಿದರು. ಒಳಗೆ ಬರುವ ಉಸಿರಿನ ತಂಪನ್ನೂ ಹೊರಹೋಗುವ ಉಸಿರಿನ ಬಿಸಿಯನ್ನೂ ಮೂಗಿನ ಹೊಳ್ಳೆಗಳಲ್ಲಿ ಗಮನಿಸುವುದು ಆ ಅಭ್ಯಾಸದ ಮುಖ್ಯ ಅಂಗವಾಗಿತ್ತು. ಹಲವರಲ್ಲಿ ಒತ್ತಡ ಇಳಿಯಿತು. ಕೆಲವರಿಗೆ ಔಷಧದ ಪ್ರಮಾಣವನ್ನು ತಗ್ಗಿಸಲಾಯಿತು. ಎಲ್ಲರಿಗೂ ಫಲ ದೊರೆಯಲಿಲ್ಲ.

ಸುಮ್ಮನೆ ಮಲಗಿದರೆ ಸಾಲದೇ ಎಂಬ ಪ್ರಶ್ನೆ ಸಹಜವಾದುದು. ಬೆಂಗಳೂರಿನಲ್ಲಿ ಶರ್ಲಿ ಟೆಲ್ಲಿಸ್ ಅವರ ತಂಡವು 35 ಮಂದಿಯಲ್ಲಿ ಇದನ್ನೇ ಪರೀಕ್ಷಿಸಿ 2002ರಲ್ಲಿ ವರದಿ ಮಾಡಿತು. ಎರಡೂ ಬಗೆಯಲ್ಲಿ ನಾಡಿಯ ವೇಗ ತಗ್ಗಿತು. ಆದರೆ ಸೂಚನೆಗಳನ್ನು ಅನುಸರಿಸಿ ವಿಶ್ರಮಿಸಿದಾಗ ಮಾತ್ರ ನಾಡಿಯ ಏರಿಳಿತದಲ್ಲಿ ಸಿಂಪಥೆಟಿಕ್ ನರವ್ಯೂಹವು ಶಾಂತವಾದ ಲಕ್ಷಣಗಳು ತೋರಿದವು.

ಮನೆಯಲ್ಲಿಯೇ ಇದನ್ನು ಆಚರಿಸಬಹುದು. ಬರಿಹೊಟ್ಟೆಯಲ್ಲಿ, ಚಾಪೆಯ ಮೇಲೆ ಅಂಗಾತ ಮಲಗಿ, ಕಾಲುಗಳನ್ನು ತುಸು ಅಗಲಿಸಿ, ಅಂಗೈಗಳನ್ನು ಮೇಲ್ಮುಖವಾಗಿಡಬೇಕು. ಮನೆಯವರೊಬ್ಬರು ಮೆಲುದನಿಯಲ್ಲಿ ಕಾಲ್ಬೆರಳುಗಳಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಹೆಸರಿಸುತ್ತ ಸಡಿಲಿಸಲು ಸೂಚಿಸಲಿ. ಹದಿನೈದು ನಿಮಿಷಗಳಾದ ಮೇಲೆ ಮಗ್ಗುಲಿಗೆ ಹೊರಳಿ ನಿಧಾನವಾಗಿ ಏಳಬೇಕು. ಒತ್ತಡದ ಮಾತ್ರೆ ಸೇವಿಸುವವರು ಥಟ್ಟನೆ ಎದ್ದರೆ ತಲೆ ಸುತ್ತಬಹುದು. ಮಲಗಿದರೆ ಏದುಸಿರು ಬರುವವರು ಒರಗುಕುರ್ಚಿಯಲ್ಲಿ ಕುಳಿತೇ ಮಾಡಲಿ. ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತುಕೊಳ್ಳುವ ನಮಗೆ ಚಿತ್ತವನ್ನು ಒಂದೆಡೆ ನಿಲ್ಲಿಸುವುದು ಹೊಸತೇನಲ್ಲ.

ಇಲ್ಲಿ ನಾವು ಒಂದು ಮಾತನ್ನು ಒತ್ತಿ ಹೇಳಲೇಬೇಕು. ಯೋಗ ಆರಂಭಿಸಿದೆವೆಂದು ರಕ್ತದೊತ್ತಡದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಒತ್ತಡವು ನೋವಿಲ್ಲದೆ ಏರುವುದರಿಂದ ಅಪಾಯದ ಅರಿವೇ ಆಗುವುದಿಲ್ಲ. ಲಕ್ವವೋ ಹೃದಯಾಘಾತವೋ ಅದರ ಮೊದಲ ಸುಳಿವಾದೀತು. ಭಾರತದ 24 ಆಸ್ಪತ್ರೆಗಳಲ್ಲಿ, ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದ 3,959 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವನ್ನು ಗಮನಿಸಬೇಕು. ಯೋಗ ಶಿಬಿರಕ್ಕೆ ಸೇರಿದವರು ತಮ್ಮ ಆರೋಗ್ಯ ಸುಧಾರಿಸಿದೆಯೆಂದರು. ಹಿಂದಿನ ಚಟುವಟಿಕೆಗಳಿಗೆ ಮರಳುವುದರಲ್ಲಿಯೂ ಮುಂದಿದ್ದರು. ಆದರೆ ಮರಣ, ಮರು ಆಘಾತ, ಲಕ್ವಗಳು ಖಚಿತವಾಗಿ ತಗ್ಗಿದುದು ಕಂಡುಬರಲಿಲ್ಲ. ಆದುದರಿಂದ ಯೋಗವು ಔಷಧದ ಜೊತೆಗಾರನೇ ಹೊರತು ಅದರ ಬದಲಿಯಲ್ಲ. ಮಾತ್ರೆಯನ್ನು ತಗ್ಗಿಸುವ ನಿರ್ಣಯ ವೈದ್ಯರದೇ. ಎದೆ ಹಿಂಡಿದಂತಾಗಿ ಬೆವರಿದಾಗ ಶವಾಸನ ಬೇಡ. ತಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಶರಣರು ಶರೀರವನ್ನು ಹೀಗಳೆಯಲಿಲ್ಲ. ಕಾಯಕಕ್ಕೂ ಪೂಜೆಗೂ ದಾಸೋಹಕ್ಕೂ ಅದೇ ಆಧಾರವೆಂದು ಅರಿತಿದ್ದರು. ಅದನ್ನು ಜತನದಿಂದ ಕಾಯುವುದು ನಮ್ಮೆಲ್ಲರ ಧರ್ಮ. ಈ ತಿಂಗಳಲ್ಲಿ ಪ್ರತಿ ಮನೆಯ ಹಿರಿಯರೂ ಒಮ್ಮೆ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಲಿ. ಕಿರಿಯರು ಸಂಜೆಯ ಹದಿನೈದು ನಿಮಿಷಗಳನ್ನು ಅವರಿಗಾಗಿ ಮೀಸಲಿಡಲಿ.