ಗೊತ್ತಿಲ್ಲದ ಜಾಗ, ಯಾರಿಗೆ?

ದೆಹಲಿಯ ಬಗ್ಗೆ ಈಚೆಗೆ ಕನ್ನಡದಲ್ಲಿ ಬರುವ ಪ್ರವಾಸಿ ಬರಹಗಳಲ್ಲಿ, ವಿಡಿಯೋಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಯಾರಿಗೂ ಗೊತ್ತಿಲ್ಲದ ಜಾಗ’. ‘ಗುಪ್ತ ರತ್ನ’, ‘ಗೈಡ್‌ಬುಕ್ಕಿನಲ್ಲಿ ಸಿಗದ ದೆಹಲಿ’ ಇವೆಲ್ಲ ಅದರದೇ ದಾಯಾದಿಗಳು. ಕೆಂಪುಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್ ಮುಗಿಸಿದವರಿಗೆ ಇನ್ನೇನಾದರೂ ನೋಡಬೇಕು ಅನ್ನಿಸುವುದು ಸಹಜ. ಆ ಆಸೆಯ ಮೇಲೆ ತಕರಾರಿಲ್ಲ. ತಕರಾರು ಇರುವುದು ಆ ಮಾತಿನ ವ್ಯಾಕರಣದ ಮೇಲೆ.

ಕನ್ನಡದ ‘ಗೊತ್ತು’ ಚತುರ್ಥಿಯನ್ನು ಬೇಡುವ ಪದ. ಅವಳಿಗೆ ಗೊತ್ತು, ಅವರಿಗೆ ಗೊತ್ತು, ಊರಿಗೆಲ್ಲ ಗೊತ್ತು. ‘ಗೊತ್ತಿಲ್ಲದ ಜಾಗ’ ಅಂದ ಕೂಡಲೇ ಯಾರಿಗೆ ಎಂದು ಭಾಷೆಯೇ ಕೇಳುತ್ತದೆ. ‘ಯಾರಿಗೂ’ ಎಂದು ಉತ್ತರಿಸುವವರು ಕ್ಯಾಮೆರಾ ಹಿಡಿದು ಬಂದವರನ್ನಷ್ಟೇ ಎಣಿಸಿ, ಅಲ್ಲೇ ಬದುಕುವವರನ್ನು ಲೆಕ್ಕದಿಂದ ಬಿಟ್ಟಿರುತ್ತಾರೆ. ಕನ್ನಡದಲ್ಲಿ ಇದಕ್ಕಿಂತ ನ್ಯಾಯವಾದ ಮಾತೊಂದು ಮೊದಲಿನಿಂದಲೂ ಇದೆ, ಎಲೆಮರೆಯ ಕಾಯಿ. ಕಾಯಿ ದಾರಿಹೋಕರಿಗೆ ಕಾಣದಿರಬಹುದು, ತೋಟದವರಿಗೆ ಅದು ಯಾವ ಕೊಂಬೆಯಲ್ಲಿದೆ ಎಂದು ಗೊತ್ತು.

ವಸಂತ ಕುಂಜ್ ಹತ್ತಿರದ ಸುಲ್ತಾನ್ ಗಢಿಯನ್ನೇ ನೋಡಿ. ಇಲ್ತುಮಿಶ್ ತನ್ನ ಮಗ ನಾಸಿರುದ್ದೀನ್ ಮಹಮೂದನಿಗಾಗಿ 1231ರಲ್ಲಿ ಕಟ್ಟಿಸಿದ ಗೋರಿ ಅದು. ಹೊರಗಿನಿಂದ ಸಣ್ಣ ಕೋಟೆಯಂತೆ ಕಾಣುತ್ತದೆ. ಗೋರಿ ಇರುವುದು ನೆಲದಡಿಯ ಕೋಣೆಯಲ್ಲಿ. ‘ನಿರ್ಜನ’, ‘ಮರೆತುಹೋದ’ ಎಂದು ಅದನ್ನು ವರ್ಣಿಸುವವರು ಗುರುವಾರ ಅಲ್ಲಿಗೆ ಹೋಗಿರಲಾರರು. ಗುರುವಾರ ಸುತ್ತಲಿನ ಹಳ್ಳಿಗಳ ಹಿಂದೂಗಳು, ಮುಸ್ಲಿಮರು ಇಬ್ಬರೂ ಬಂದು ಅದೇ ರಾಜಕುಮಾರನಿಗೆ ಪೀರನೆಂದು ನಡೆದುಕೊಳ್ಳುತ್ತಾರೆ. ಫಿರೋಜ್ ಶಾ ಕೋಟ್ಲಾದಲ್ಲಿ ಗುರುವಾರದ ಜನ ಇನ್ನೂ ಹೆಚ್ಚು. ಅಲ್ಲಿನ ಪಾಳುಗೋಡೆಗಳ ಸಂದುಗಳಲ್ಲಿ ಜಿನ್ನುಗಳಿಗೆ ಬರೆದ ಅರ್ಜಿಗಳಿರುತ್ತವೆ: ಮಗನಿಗೆ ಕೆಲಸ ಆಗಲಿ, ಕೋರ್ಟಿನ ಕೇಸು ಮುಗಿಯಲಿ. ಮೂರು ಮೆಟ್ಟಿಲ ಆ ಕಟ್ಟಡದ ನೆತ್ತಿಯ ಮೇಲೆ ನಿಂತಿರುವುದು ಅಶೋಕನ ಕಂಬ. ಫಿರೋಜ್ ಶಾ ಅದನ್ನು ಟೋಪ್ರಾದಿಂದ ತರಿಸಿ ನಿಲ್ಲಿಸಿದ. ಇಂಥ ಜಾಗವನ್ನು ಯಾರಿಗೂ ಗೊತ್ತಿಲ್ಲದ್ದು ಎನ್ನಲು ಸ್ವಲ್ಪ ಧೈರ್ಯ ಬೇಕು.

ಗೈಡ್‌ಬುಕ್ಕಿನಲ್ಲಿ ಇಲ್ಲ ಅಂದಮಾತ್ರಕ್ಕೆ ಯಾವ ಪುಸ್ತಕದಲ್ಲೂ ಇಲ್ಲ ಎಂದೂ ಅಲ್ಲ. ಸಯ್ಯದ್ ಅಹ್ಮದ್ ಖಾನ್ ದೆಹಲಿಯ ಕಟ್ಟಡಗಳ ಬಗ್ಗೆ ಉರ್ದುವಿನಲ್ಲಿ ಬರೆದ ‘ಆಸಾರ್-ಉಸ್-ಸನಾದೀದ್’ ಅಚ್ಚಾದದ್ದು 1847ರಲ್ಲಿ. ಕುತುಬ್ ಮಿನಾರಿನ ಎತ್ತರದ ಶಾಸನಗಳನ್ನು ಓದಲು ಆತ ನೆಲುವಿನಂಥ ಬುಟ್ಟಿಯಲ್ಲಿ ಕೂತು ನೇತಾಡಿದ್ದನ್ನು ಅವನ ಜೀವನಚರಿತ್ರೆ ಬರೆದ ಹಾಲಿ ದಾಖಲಿಸಿದ್ದಾನೆ. ಮುಂದೆ ಪುರಾತತ್ವ ಇಲಾಖೆಯ ಮೌಲ್ವಿ ಜಫರ್ ಹಸನ್ ದೆಹಲಿ ಪ್ರಾಂತ್ಯದ ಸ್ಮಾರಕಗಳನ್ನೆಲ್ಲ ಪಟ್ಟಿ ಮಾಡಿದರು. 1916ರಿಂದ 1922ರವರೆಗೆ ಬಂದ ನಾಲ್ಕು ಸಂಪುಟಗಳಲ್ಲಿ ಸಾವಿರಕ್ಕೂ ಮಿಕ್ಕಿ ಗೋರಿ, ಮಸೀದಿ, ಬಾವಲಿ, ಗುಡಿ, ಹೆಬ್ಬಾಗಿಲುಗಳಿವೆ. ಇಂದು ‘ಪತ್ತೆಹಚ್ಚಿದೆ’ ಎಂದು ವಿಡಿಯೋ ಮಾಡುವವರು ಬಹುಪಾಲು ಈ ಪಟ್ಟಿಯೊಳಗೇ ಓಡಾಡುತ್ತಿದ್ದಾರೆ, ಪಟ್ಟಿಯ ಹೆಸರು ಹೇಳದೆ.

ಇದನ್ನು ಬರಿ ಮಾತಿನ ಜಗಳ ಎಂದು ಬಿಡಬಹುದಿತ್ತು. ಆದರೆ ‘ಗೊತ್ತಿಲ್ಲದ’ ಎಂಬ ವಿಶೇಷಣಕ್ಕೆ ದೆಹಲಿಯಲ್ಲಿ ಇನ್ನೊಂದು ಕೆಲಸವೂ ಇದೆ. ಮೆಹ್ರೋಲಿಯ ಸಂಜಯ ವನದ ಅಖೂಂದ್‌ಜಿ ಮಸೀದಿಯನ್ನು 2024ರ ಜನವರಿ 30ರಂದು ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕೆಡವಿತು. ಅರಣ್ಯದ ಜಾಗದಲ್ಲಿರುವ ಅಕ್ರಮ ಕಟ್ಟಡ ಎಂಬುದು ಪ್ರಾಧಿಕಾರ ಕೊಟ್ಟ ಕಾರಣ. ಜಫರ್ ಹಸನ್ ಪಟ್ಟಿಯಲ್ಲಿ ಆ ಮಸೀದಿ ಇದೆ. ಅದರ ದುರಸ್ತಿ ನಡೆದದ್ದು 1853-54ರಲ್ಲಿ ಎಂಬ ಟಿಪ್ಪಣಿಯೂ ಇದೆ. ಆದರೆ ಅದು ಕೇಂದ್ರದ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಇರಲಿಲ್ಲ, ಪ್ರವಾಸಿ ನಕ್ಷೆಯಲ್ಲೂ ಇರಲಿಲ್ಲ. ಕಾಗದದಲ್ಲಿ ಗೊತ್ತಿಲ್ಲದ್ದು ಎಂದು ಸಾಬೀತಾದ ಕಟ್ಟಡವನ್ನು ಕೆಡವುವುದು ಸುಲಭ.

ಸಂರಕ್ಷಿತ ಪಟ್ಟಿಯಲ್ಲಿದ್ದರೂ ಯಾರೂ ಹೋಗಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಫರೀದಾಬಾದಿನ ಮುಜೇಸರ್ ಸಾಕ್ಷಿ. ಕೋಸ್ ಎಂಬುದು ಕನ್ನಡದ ಹರದಾರಿಯಂತೆ ಹಳೆಯ ಕಾಲದ ದೂರದ ಅಳತೆ, ಸುಮಾರು ಮೂರು ಕಿಲೋಮೀಟರ್. ಆಗ್ರಾದಿಂದ ದೆಹಲಿಯ ಮೇಲೆ ಲಾಹೋರಿಗೆ ಹೋಗುವ ಹೆದ್ದಾರಿಯಲ್ಲಿ ಕೋಸಿಗೊಂದರಂತೆ ಮೊಗಲರು ಇಟ್ಟಿಗೆಯ ದಪ್ಪ ಗೋಪುರಗಳನ್ನು ನಿಲ್ಲಿಸಿದ್ದರು. ಒಂದು ದೆಹಲಿಯ ಮೃಗಾಲಯದೊಳಗೆ ಇನ್ನೂ ನಿಂತಿದೆ. ಮುಜೇಸರಿನಲ್ಲಿದ್ದ 13ನೇ ನಂಬರಿನದು ಇಲ್ಲ. 2013ರಲ್ಲಿ ಮಹಾಲೇಖಪಾಲರ ವರದಿ ದೇಶದಲ್ಲಿ 92 ಸಂರಕ್ಷಿತ ಸ್ಮಾರಕಗಳು ಕಾಣೆಯಾಗಿವೆ ಎಂದಿತ್ತು. 2024ರ ಮಾರ್ಚಿನಲ್ಲಿ ಪುರಾತತ್ವ ಇಲಾಖೆ 18 ಸ್ಮಾರಕಗಳನ್ನು ಪಟ್ಟಿಯಿಂದ ತೆಗೆಯಲು ಹೊರಟಿತು: ಮುಜೇಸರಿನ ಗೋಪುರ, ದೆಹಲಿಯ ಬಾರಾಖಂಬಾ ಸ್ಮಶಾನ, ಮುಬಾರಕ್‌ಪುರ್ ಕೋಟ್ಲಾದ ಇಂಚ್ಲಾವಾಲಿ ಗುಮ್ಟಿ ಎಲ್ಲ ಅದರಲ್ಲಿದ್ದವು. ನಿಜವಾಗಿ ಯಾರಿಗೂ ಗೊತ್ತಿಲ್ಲದ ಜಾಗ ಬೇಕೆನ್ನುವವರು ಇವನ್ನು ಹುಡುಕಬೇಕು.

ಇದಕ್ಕೆ ಎದುರುವಾದವೊಂದಿದೆ, ಹಗುರವಾದುದಲ್ಲ. ಹೆಸರು ಹೇಳಿದರೆ ಜನ ನುಗ್ಗುತ್ತಾರೆ, ಹಾಳು ಮಾಡುತ್ತಾರೆ. ಆದ್ದರಿಂದ ಬಾಯಿ ಮುಚ್ಚಿಕೊಂಡಿರುವುದೇ ಲೇಸು. ಹೇಲಿ ರಸ್ತೆಯ ಅಗ್ರಸೇನ್ ಕಿ ಬಾವಲಿ ಇದಕ್ಕೆ ಸಿದ್ಧ ಉದಾಹರಣೆ. 2014ರ ‘ಪಿಕೆ’ ಸಿನಿಮಾದಲ್ಲಿ ಕಾಣಿಸಿಕೊಂಡದ್ದೇ ತಡ, ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿಲ್ಲದಂತಾಯಿತು. ನಿಜ, ಗದ್ದಲ ಕಿರಿಕಿರಿಯೇ. ಆದರೆ ಆ ಬಾವಲಿ ಇನ್ನೂ ಇದೆ. ಮುಜೇಸರಿನ ಗೋಪುರವನ್ನು ನುಂಗಿದ್ದು ಸೆಲ್ಫಿಯವರ ಗುಂಪಲ್ಲ. ಡಿಫೆನ್ಸ್ ಕಾಲೊನಿಯ ಶೇಖ್ ಅಲಿ ಗುಮ್ಟಿಯಲ್ಲಿ ಬಡಾವಣೆಯ ನಿವಾಸಿಗಳ ಸಂಘ ದಶಕಗಳ ಕಾಲ ಕಚೇರಿ ನಡೆಸಿದ್ದಕ್ಕೂ ಪ್ರವಾಸಿಗರು ಕಾರಣರಲ್ಲ. ಲೋದಿ ಕಾಲದ ಆ ಗೋರಿಯನ್ನು ಬಿಡಿಸಲು 2025ರಲ್ಲಿ ಸುಪ್ರೀಂ ಕೋರ್ಟೇ ಆದೇಶ ಕೊಡಬೇಕಾಯಿತು.

ಇನ್ನೊಂದು ಚಾಳಿ ದೆವ್ವದ್ದು. ಹಾಳುಬಿದ್ದದ್ದಕ್ಕೆಲ್ಲ ಭೂತ ಹಿಡಿಸಿದರೆ ಟಿಕೆಟ್ಟು ಖರ್ಚಾಗುತ್ತದೆ. 2023ರಲ್ಲಿ ದೆಹಲಿ ಪ್ರವಾಸೋದ್ಯಮದವರೇ ಮಾಲ್ಚಾ ಮಹಲಿಗೆ ‘ದೆವ್ವದ ನಡಿಗೆ’ ಶುರುಮಾಡಿದರು. ಆ ಕಟ್ಟಡ ತುಘಲಕರ ಕಾಲದ ಬೇಟೆಮನೆ ಎಂಬುದು ಅಡಿಟಿಪ್ಪಣಿಯಾಯಿತು.

ಹಾಗಾದರೆ ಹುಡುಕುವುದು ಹೇಗೆ? ಕನ್ನಡಿಗರಿಗಾದರೆ ಕೈಗೆಟಕುವ ಒಂದು ಜಾಗವಿದೆ. ನೆಹರೂ ಪ್ಲೇಸ್ ಹತ್ತಿರ, ಈಸ್ಟ್ ಆಫ್ ಕೈಲಾಶ್ ಬಡಾವಣೆಯ ಅಂಚಿನಲ್ಲಿ, ಬಾಹಾಪುರದ ಬಂಡೆ. ಸುತ್ತ ಮನೆ ಕಟ್ಟಲು ಶುರುವಾದಾಗ, 1966ರಲ್ಲಿ, ಅದರ ಮೇಲೆ ಬ್ರಾಹ್ಮಿ ಅಕ್ಷರಗಳಿರುವುದು ಬೆಳಕಿಗೆ ಬಂತು. ಅಶೋಕನ ಕಿರು ಶಿಲಾಶಾಸನ. ಮಾತು ಹೆಚ್ಚುಕಡಿಮೆ ಮಸ್ಕಿಯದೇ, ಬ್ರಹ್ಮಗಿರಿಯದೇ, ಕೊಪ್ಪಳದ ಗವಿಮಠದ್ದೇ. ಪ್ರಯತ್ನಪಟ್ಟರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸ್ವರ್ಗ ಸಿಗುತ್ತದೆ ಎಂಬುದು ಅದರ ತಿರುಳು. ಕರ್ನಾಟಕದ ಶಾಲೆಯಲ್ಲಿ ಓದಿದವರಿಗೆ ಮಸ್ಕಿ ಗೊತ್ತು: 1915ರಲ್ಲಿ ಸಿಕ್ಕಿದ ಆ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ. ಚಿತ್ರದುರ್ಗ ಜಿಲ್ಲೆಯ ಶಾಸನಗಳಲ್ಲಂತೂ ಕೊನೆಗೆ ಚಪಡ ಎಂಬ ಲಿಪಿಕಾರನ ಸಹಿ ಇದೆ. ತನ್ನ ಕಸುಬಿನ ಹೆಸರನ್ನು ಆತ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಒಂದೇ ಪಠ್ಯ ಯಮುನೆಯ ಬಳಿಯ ಬಂಡೆಗೂ ಹಗರಿ ಸೀಮೆಯ ಬಂಡೆಗೂ ತಲುಪಿದ್ದನ್ನು ಕಣ್ಣಾರೆ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಆದರೂ ಬೆಂಗಳೂರು, ಹುಬ್ಬಳ್ಳಿಗಳಿಂದ ಹೊರಡುವ ಉತ್ತರ ಭಾರತ ಯಾತ್ರೆಯ ಕರಪತ್ರಗಳಲ್ಲಿ ಬಾಹಾಪುರದ ಹೆಸರು ಕಾಣುವುದು ಅಪರೂಪ. ಅಕ್ಷರಧಾಮಕ್ಕೆ ಅರ್ಧ ದಿನ, ಕರೋಲ್ ಬಾಗಿನಲ್ಲಿ ಶಾಪಿಂಗಿಗೆ ಅರ್ಧ ದಿನ ಇರುತ್ತದೆ. ದೆಹಲಿಯ ಕನ್ನಡಿಗರದೂ ಇದರಲ್ಲಿ ಪಾಲಿದೆ. ಊರಿಂದ ಬಂದ ನೆಂಟರನ್ನು ಅವರೂ ಅವೇ ನಾಲ್ಕು ಜಾಗಗಳಿಗೆ ಕರೆದೊಯ್ಯುತ್ತಾರೆ. ಕರ್ನಾಟಕ ಸಂಘವಿರುವ ರಾಮಕೃಷ್ಣಪುರಂನಲ್ಲೇ ಬಿಜ್ರಿ ಖಾನನ ಗೋರಿ ಇದೆ. ಸಂಘದ ನಾಟಕ ನೋಡಲು ಬರುವವರಲ್ಲಿ ಎಷ್ಟು ಜನ ಅತ್ತ ತಿರುಗಿದ್ದಾರೆ?

ಬಾಹಾಪುರದ ಬಂಡೆ ಚಂದದ ಫೋಟೊಗೆ ಒದಗುವಂಥದ್ದಲ್ಲ. ಮೇಲೊಂದು ಕಾಂಕ್ರೀಟಿನ ಚಾವಣಿ, ಸುತ್ತ ಕಬ್ಬಿಣದ ಜಾಲರಿ, ಒಳಗೆ ಸವೆದ ಅಕ್ಷರಗಳು. ಬೆಳಗಿನ ಓರೆಬಿಸಿಲು ಬಿದ್ದಾಗ ಗೀರುಗಳು ಸ್ವಲ್ಪ ಹೆಚ್ಚು ಕಾಣುತ್ತವೆ. ಮಥುರಾ ರಸ್ತೆ ಹಿಡಿದು ಆಗ್ರಾಕ್ಕೆ ಹೋಗುವ ಯಾತ್ರೆಯ ಬಸ್ಸುಗಳು ಹಾದುಹೋಗುವುದೂ ಆ ಹೊತ್ತಿಗೇ, ಅಲ್ಲಿಂದ ಹೆಚ್ಚು ದೂರವಲ್ಲದ ದಾರಿಯಲ್ಲಿ.