ಬಾವುಟ ಏರಿಸಿದ ಮೇಲೆ ಉಳಿದ ಕೆಲಸ

ತಣಿಸಂದ್ರದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಹಿಂದೆ ತಗಡಿನ ಶೆಡ್ಡುಗಳಿವೆ. ಅಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಗುಳೆ ಬಂದವರು. ಮಳೆ ಕೈಕೊಟ್ಟಿತು, ಅದಕ್ಕೇ ಬಂದರು ಎಂದು ನಾವು ಪತ್ರಕರ್ತರು ಬರೆದು ಮುಗಿಸುತ್ತೇವೆ. ಕಾರಣ ಅಷ್ಟೇ ಅಲ್ಲ. ಅದರ ಒಂದು ಬೇರು 1948ರಲ್ಲಿದೆ.

ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ಬೀದರ್, ಕಲಬುರಗಿ, ರಾಯಚೂರು ನಿಜಾಮನ ಆಳ್ವಿಕೆಯಲ್ಲೇ ಉಳಿದವು. ರಜಾಕಾರರ ದಾಳಿಗೆ ಊರುಗಳು ನಲುಗಿದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು, 17ರಂದು ನಿಜಾಮ ಶರಣಾದ. ಹೆಸರು 'ಪೊಲೀಸ್ ಕಾರ್ಯಾಚರಣೆ', ನಡೆದದ್ದು ಯುದ್ಧ.

ಯುದ್ಧ ಐದು ದಿನದಲ್ಲಿ ಮುಗಿಯಿತು. ಆಮೇಲಿನ ಕೆಲಸ ಮೂರು: ಜನರ ಕೈಗೆ ಅಧಿಕಾರ, ನೊಂದವರಿಗೆ ನ್ಯಾಯ, ಎಲ್ಲರಿಗೂ ಬದುಕು.

ಮೊದಲನೆಯದು ಬೇಗ ಬಂತು. ಸೇನಾ ಗವರ್ನರ್ ಜೆ.ಎನ್. ಚೌಧುರಿ ಅವರ ಆಡಳಿತ 1949ರ ಕೊನೆಗೆ ಮುಗಿಯಿತು. 1952ರ ಚುನಾವಣೆಯಲ್ಲಿ ಜನ ಮತ ಹಾಕಿದರು. 1956ರಲ್ಲಿ ಈ ಜಿಲ್ಲೆಗಳು ಕನ್ನಡ ನಾಡಿಗೆ ಸೇರಿದವು.

ನ್ಯಾಯ ಹಾಗೆ ಬರಲಿಲ್ಲ. ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದರ ನಂತರ ಮುಸ್ಲಿಮರ ಮೇಲೂ ಸೇಡಿನ ಕೊಲೆ, ಲೂಟಿ ನಡೆದವು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಇಡೀ ಹೈದರಾಬಾದ್ ರಾಜ್ಯದಲ್ಲಿ 27,000ದಿಂದ 40,000 ಜನ ಸತ್ತರೆಂದು ಅಂದಾಜಿಸಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ ಸೇರಿದ್ದವು. ಆ ವರದಿಯನ್ನು ದಶಕಗಳ ಕಾಲ ಪ್ರಕಟಿಸಲಿಲ್ಲ. ಸತ್ತವರಲ್ಲಿ ಅರ್ಧ ಜನರನ್ನಷ್ಟೇ ನೆನೆಯುವ ಊರಿನಲ್ಲಿ ಗಾಯ ಒಣಗುವುದಿಲ್ಲ. ಯಾರೋ ಅದನ್ನು ಚುನಾವಣೆಗೊಮ್ಮೆ ಕೆರೆಯುತ್ತಾರೆ.

ಬದುಕಿನ ಮಾತಂತೂ ಇನ್ನೂ ನಿಧಾನ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ 2012ರಲ್ಲಿ ಸಂಸತ್ತು 371(ಜೆ) ಕಲಮಿಗೆ ಒಪ್ಪಿಗೆ ಕೊಟ್ಟಿತು. ನಿಜಾಮ ಹೋಗಿ ಆಗಲೇ 64 ವರ್ಷ. ಈ ಕಲಮಿನಿಂದ ಸ್ಥಳೀಯರಿಗೆ ಸೀಟು, ನೌಕರಿಯಲ್ಲಿ ಮೀಸಲು ಸಿಕ್ಕಿತು, ಅಭಿವೃದ್ಧಿ ಮಂಡಳಿ ಬಂತು. ಅದು ಬಹಳ ಮನೆಗಳಿಗೆ ಆಸರೆಯಾಗಿದೆ. ಆದರೆ ಮೆಡಿಕಲ್ ಸೀಟಿನ ಮೀಸಲು ಪಿಯುಸಿ ಮುಗಿಸಿದ ಮಗುವಿಗೆ. ಅಪ್ಪ ಅಮ್ಮನ ಜೊತೆ ಗುಳೆ ಬಂದು ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಳ್ಳುವ ಹುಡುಗಿಗೆ ಅದು ಮುಟ್ಟುವುದೇ ಇಲ್ಲ.

ಇದಕ್ಕೆಲ್ಲ ಇನ್ನೂ ನಿಜಾಮನೇ ಕಾರಣವೇ ಎಂದು ಕೆಲವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಅಲ್ಲಿಂದಲೇ ವೀರೇಂದ್ರ ಪಾಟೀಲ, ಧರಂ ಸಿಂಗ್ ಮುಖ್ಯಮಂತ್ರಿಗಳಾದರು. ಆಳಿದವರು ನಾವೇ ಆರಿಸಿದವರು. ಹಾಗಾದರೆ ಐದು ವರ್ಷಕ್ಕೊಮ್ಮೆ ಮತ ಹಾಕಿದರೆ ಸಾಲದು, ನಡುವೆ ಲೆಕ್ಕ ಕೇಳಬೇಕು ಎಂದಾಯಿತು. ಬೆಂಗಳೂರೂ ಇದಕ್ಕೆ ಹೊರತಲ್ಲ: 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಇಲ್ಲಿ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಶೆಡ್ಡಿನವರ ಮತ ಊರಿನಲ್ಲಿ, ದುಡಿಮೆ ಇಲ್ಲಿ. ಎರಡೂ ಕಡೆ ಅವರ ಮಾತು ಕೇಳುವವರಿಲ್ಲ.

ಪ್ರತಿ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಮುಖ್ಯಮಂತ್ರಿ ಬಾವುಟ ಹಾರಿಸುತ್ತಾರೆ. ಅದೇ ದಿನ ಕಲ್ಯಾಣ ಕರ್ನಾಟಕದ ಪ್ರತಿ ಪಂಚಾಯಿತಿಯಲ್ಲಿ ಗ್ರಾಮಸಭೆ ಕೂಡಲಿ ಎನ್ನುವುದು ನಮ್ಮ ಒತ್ತಾಯ. ಮಂಡಳಿಯ ಹಣದಲ್ಲಿ ನಮ್ಮೂರಿಗೆ ಬಂದದ್ದೆಷ್ಟು? ಅದು ಕಮಾನು, ಭವನಕ್ಕೆ ಹೋಯಿತೋ, ಕೆರೆ ಹೂಳು, ಹೊಲದ ಬದುವಿಗೆ ಹೋಯಿತೋ? ಎಷ್ಟು ಮನೆ ಗುಳೆ ಹೋಗಿವೆ, ಆ ಮಕ್ಕಳು ಯಾವ ಶಾಲೆಯಲ್ಲಿದ್ದಾರೆ? ಈ ಲೆಕ್ಕವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಲಿ. ಸಭೆ ಶುರುವಾಗುವ ಮೊದಲು 1948ರಲ್ಲಿ ಸತ್ತ ಎಲ್ಲರಿಗೂ, ಜಾತಿ ಧರ್ಮ ಕೇಳದೆ, ಎರಡು ನಿಮಿಷ ಎದ್ದು ನಿಲ್ಲೋಣ.

ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮ್ಮದು. ಈ ಬರಹ ಓದುತ್ತಿರುವ ಫೋನಿನಿಂದಲೇ ನಿಮ್ಮ ಪಂಚಾಯಿತಿ ಸದಸ್ಯರಿಗೆ ಒಂದು ಕರೆ ಮಾಡಿ.